ಆಯುಧಪೂಜೆಗೆ ಅರ ಹಾಕಿದ ಕ್ಲಬ್ಬು

ಕೋವಿಡ್ ಗಲಾಟೆ ಮುಗಿದು ವ್ಯವಹಾರಗಳೆಲ್ಲ ಹಳಿಗೆ ಬಂದಿದ್ದ ವರ್ಷ. ಬೆಂಗಳೂರಿನ ಗಾಲ್ಫ್ ಸಾಮಾನಿನ ಅಂಗಡಿಯೊಂದರಲ್ಲಿ ಕ್ಲಬ್ ಫಿಟ್ಟರ್ ಆಗಿ ಅರ್ಧ ಆಯುಷ್ಯ ಸವೆಸಿದ ನಾನು ಸಾಗರಕ್ಕೆ ವಾಪಸಾಗಿ, ಪೇಟೆಯ ಮಹಡಿ ಕೋಣೆಯೊಂದರಲ್ಲಿ ಅದೇ ಕಸುಬು ಹೂಡಿದ್ದೆ. ಕ್ಲಬ್ ಎಂದರೆ ಚೆಂಡು ಹೊಡೆಯುವ ಕೋಲು. ಆಟಗಾರರ ಎತ್ತರ, ಕೈಬೀಸು ನೋಡಿ ಅದನ್ನು ಹೊಂದಿಸಿ ಕೊಡುವವನು ಫಿಟ್ಟರ್. ಸಾಗರದಲ್ಲಿ ಗಾಲ್ಫ್ ಅಂಗಡಿ ಎಂದರೆ ಜನ ನಗದೆ ಇರುತ್ತಾರೆಯೇ? ಬೋರ್ಡು ನೋಡಿ ಹಾಕಿ ಸ್ಟಿಕ್ ಕೇಳಲು ಮೆಟ್ಟಿಲು ಹತ್ತಿದವರೇ ಹೆಚ್ಚು. ನಿಜವಾದ ಗಿರಾಕಿಗಳ ಸಾಮಾನೆಲ್ಲ ಕೊರಿಯರಿನಲ್ಲಿ ಬಂದು, ರಿಪೇರಿಯಾಗಿ, ಕೊರಿಯರಿನಲ್ಲೇ ಹೋಗುತ್ತಿತ್ತು.

ಕಣ್ಣೆದುರು ಬಂದು ಕೂರುತ್ತಿದ್ದ ಗಿರಾಕಿ ಒಬ್ಬಳೇ, ಕೋಣಂದೂರಿನ ಸವಿತಾ. ಅವಳ ಅಪ್ಪ ಚಂದ್ರಪ್ಪನದು ಅಲ್ಲಿ ವೆಲ್ಡಿಂಗ್ ಶಾಪು. ಪಕ್ಕದ ಜಿಲ್ಲೆಯ ಗಾಲ್ಫ್ ಮೈದಾನವೊಂದರ ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿಗೆ ಅವನು ಹೋಗಿ ಬರುತ್ತಿದ್ದ. ಶಾಲೆಗೆ ರಜೆ ಇದ್ದಾಗ ಒಮ್ಮೆ ಮಗಳನ್ನೂ ಕರೆದೊಯ್ದ. ಅಲ್ಲಿ ಯಾರೋ ಕೈಗೆ ಕೊಟ್ಟ ಕೋಲು ಅವಳ ಕೈ ಬಿಡಲೇ ಇಲ್ಲ. ಆ ವರ್ಷ ಅವಳು ಅದೇ ಮೈದಾನದಲ್ಲಿ ನಡೆಯುವ ಕ್ವಾಲಿಫೈಯಿಂಗ್ ಪಂದ್ಯಕ್ಕೆ ಹೆಸರು ಕೊಟ್ಟಿದ್ದಳು. ಅದರಲ್ಲಿ ಮೇಲಿನ ಸ್ಥಾನ ಬಂದರೆ ವೃತ್ತಿಪರ ಟೂರಿನ ಕಾರ್ಡು ಸಿಗುತ್ತದೆ, ಆಟವೇ ಉದ್ಯೋಗವಾಗುತ್ತದೆ. ಅದಕ್ಕೆ ಮುಂಚೆ ಎರಡು ಸಲ ಕೂದಲೆಳೆಯಲ್ಲಿ ತಪ್ಪಿತ್ತು. ಈ ಸಲವೂ ಆಗದಿದ್ದರೆ ತೀರ್ಥಹಳ್ಳಿಯ ಶಾಲೆಯೊಂದರಲ್ಲಿ ಪಿ.ಟಿ. ಮೇಡಂ ಕೆಲಸಕ್ಕೆ ಸೇರುವುದೆಂದು ಮನೆಯಲ್ಲಿ ಮಾತಾಗಿತ್ತು.

ಪಂದ್ಯ ಶುರುವಾದದ್ದು ಆಯುಧಪೂಜೆ ಕಳೆದ ಮರುವಾರ. ಎರಡು ಸುತ್ತು ಮುಗಿದಾಗ ಸವಿತಾ ನಾಲ್ಕನೆಯ ಸ್ಥಾನದಲ್ಲಿದ್ದಳು. ಕೊನೆಯ ಸುತ್ತಿನ ದಿನ ಮಳೆ ಹೊಡೆದು ಆಟ ಮಾರನೆಯ ದಿನಕ್ಕೆ ಹೋಯಿತು. ನೆನೆದು ನೆನೆದು ಅವಳ ವೆಜ್ ಕ್ಲಬ್ಬಿನ ಹಿಡಿಯ ರಬ್ಬರು ತಿರುಗತೊಡಗಿತ್ತು. ಅಲ್ಲಿ ಅದನ್ನು ಹಾಕಿಕೊಡುವವರು ಇರಲಿಲ್ಲ. ಅಪ್ಪ ಮಗಳು ಓಮ್ನಿ ಹತ್ತಿ, ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಕೋಣೆಗೆ ಬಂದರು. ಚಂದ್ರಪ್ಪನ ಮುಖ ಅರಳಿತ್ತು. ಕಾರ್ಡು ಬಂದಮೇಲೆ ಶಾಪಿನ ಮುಂದೆ ಮಗಳ ಫೋಟೊ ಹಾಕಿಸುವ ಮಾತು ಆಗಲೇ ನಡೆದಿತ್ತು.

ವೆಜ್ ಎಂದರೆ ಹತ್ತಿರದ ಚೆಂಡನ್ನು ಎತ್ತರಕ್ಕೆ ಹಾರಿಸಿ ಗುಳಿಯ ಬಳಿ ನಿಲ್ಲಿಸುವ ಕ್ಲಬ್ಬು. ಅದರ ಮುಖದ ಮೇಲೆ ಅಡ್ಡಕ್ಕೆ ಗೀರುಗಳಿರುತ್ತವೆ. ಅವು ಚೆಂಡನ್ನು ಕಚ್ಚಿ ತಿರುಗಿಸುತ್ತವೆ, ತಿರುಗುವ ಚೆಂಡು ಬಿದ್ದಲ್ಲೇ ನಿಲ್ಲುತ್ತದೆ. ಗೀರು ಹರಿತವಾದಷ್ಟೂ ಕಚ್ಚು ಹೆಚ್ಚು. ಹಾಗಾಗಿಯೇ ನಿಯಮದವರು ಗೀರಿನ ಅಂಚು ಕಡೇಪಕ್ಷ ಕಾಲು ಮಿಲಿಮೀಟರ್ ತ್ರಿಜ್ಯದಷ್ಟಾದರೂ ದುಂಡಗಿರಬೇಕು, ಆಳ ಅರ್ಧ ಮಿಲಿಮೀಟರಿನ ಆಸುಪಾಸಿಗೆ ನಿಲ್ಲಬೇಕು ಎಂದು ಕಟ್ಟು ಮಾಡಿದ್ದಾರೆ. ಆಡಿ ಸವೆದರೆ ದೋಷವಿಲ್ಲ. ಕೆತ್ತಿ ಬದಲಿಸಿದರೆ ಆ ಕ್ಲಬ್ಬು ನಿಯಮಬಾಹಿರ, ಅದರಲ್ಲಿ ಪಂದ್ಯದ ಒಂದೇ ಒಂದು ಚೆಂಡು ಹೊಡೆದರೂ ಆಟಗಾರ್ತಿ ಅನರ್ಹ.

ಹಿಡಿ ಬದಲಿಸುವ ಮೊದಲು ಮುಖ ಒರೆಸುವುದು ನನ್ನ ರೂಢಿ. ಒರೆಸುವಾಗ ಬಟ್ಟೆಯ ನೂಲು ಗೀರಿಗೆ ಸಿಕ್ಕಿಕೊಂಡಿತು. ಸಿಕ್ಕಬಾರದು. ಭೂತಗನ್ನಡಿ ಹಿಡಿದೆ, ಒಳಗೆಲ್ಲ ಹೊಸ ಹೊಳಪು. ಆಳ ಅಳೆಯುವ ಗೇಜು ಇಳಿಸಿ ನೋಡಿದೆ, ಮಿತಿ ದಾಟಿತ್ತು. ಇನ್ನೊಮ್ಮೆ ಅಳೆದೆ. ಸುಮ್ಮನೆ ರಬ್ಬರು ಹಾಕಿ ಕಳಿಸಿಬಿಡಲೇ ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಡೆಗೆ, ಇದಕ್ಕೆ ಯಾರು ಕೈ ಹಾಕಿದ್ದು ಎಂದು ಕೇಳಿದೆ.

ಚಂದ್ರಪ್ಪ ಹೆಮ್ಮೆಯಿಂದಲೇ ಹೇಳಿದ.

“ನಾನೇ ಶಂಕರಣ್ಣ. ಹಬ್ಬಕ್ಕೆ ಶಾಪಿನ ಕತ್ತಿ, ಉಳಿ ಎಲ್ಲಾ ಮಸೆದು ಇಟ್ಟಿದ್ನಲ್ಲ, ಇವಳದ್ದು ಮಾತ್ರ ಮೊಂಡ್ ಇತ್ತು. ಮೊಂಡ್ ಆಯುಧ ದೇವ್ರ ಮುಂದೆ ಹೆಂಗ್ ಇಡೋದು? ಸಣ್ಣ ಅರ ತಗೊಂಡು ಒಂದೊಂದೇ ಗೀರು ಬಿಡಿಸ್ದೆ.”

ಅವನ ಕಸುಬಿನಲ್ಲಿ ಅದು ಅಕ್ಕರೆಯ ಕೆಲಸ. ಮಗಳಿಗೆ ಗೊತ್ತಿರಲಿಲ್ಲ, ಪೂಜೆ ಮುಗಿದ ಮೇಲೆ ಕುಂಕುಮ ಒರೆಸಿ ಬ್ಯಾಗಿಗೆ ತುಂಬಿಕೊಂಡು ಹೋಗಿದ್ದಳು. ನಾನು ನಿಯಮ ಹೇಳುತ್ತಾ ಹೋದ ಹಾಗೆ ಚಂದ್ರಪ್ಪನ ಮುಖದ ಕಳೆ ಇಳಿಯಿತು. ನಾಳೆ ಬೇರೆ ಕ್ಲಬ್ಬಲ್ಲಿ ಆಡಿದರೆ ಆಗದೇ ಎಂದು ಕೇಳಿದ. ಆಗಿಹೋದ ಎರಡು ಸುತ್ತಿನ ಹೊಡೆತಗಳು ಲೆಕ್ಕಕ್ಕೆ ಬರುತ್ತವೆ ಎಂದೆ. ಮಾಡಿದವನು ತಾನು, ಬೇಕಾದರೆ ಅಲ್ಲಿಗೇ ಹೋಗಿ ಅಧಿಕಾರಿಗಳ ಕಾಲು ಹಿಡಿಯುತ್ತೇನೆ ಎಂದ. ಯಾರು ಮಾಡಿದರೂ ಆಡಿದವರಿಗೇ ಶಿಕ್ಷೆ ಎಂದೆ. ಹಾಗೆ ಹೇಳುವಾಗ ನನಗೆ ನನ್ನ ಬಾಯಿಯ ಮೇಲೇ ಸಿಟ್ಟು ಬರುತ್ತಿತ್ತು. ಆಮೇಲೆ ಅವನು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದ.

“ಇಲ್ಲಿ ಇರೋದು ನಾವು ಮೂರೇ ಜನ. ನೀವು ಹೇಳ್ದಿದ್ರೆ ಯಾರಿಗ್ ಗೊತ್ತಾಗ್ತದೆ?”

ಗೀರು ಅಳೆಯುವ ತಪಾಸಣೆ ಅಂಥ ಪಂದ್ಯಗಳಲ್ಲಿ ನಡೆಯುವುದು ಅಪರೂಪ. ಅವನು ಹೇಳಿದ್ದು ಖರೆ.

ಸವಿತಾ ಅಷ್ಟು ಹೊತ್ತೂ ಆ ವೆಜ್ಜನ್ನು ತೊಡೆಯ ಮೇಲಿಟ್ಟುಕೊಂಡು ಗೀರಿನ ಮೇಲೆ ಉಗುರು ಎಳೆಯುತ್ತಿದ್ದಳು.

“ಒದ್ದೆ ಹುಲ್ಲಲ್ಲೂ ಚೆಂಡು ಹಂಗೇ ನಿಲ್ತಿತ್ತು ಮಾಮ. ಇಷ್ಟು ವರ್ಷದ ಪ್ರಾಕ್ಟೀಸು ಈಗ ಕೈಗೆ ಬಂತು ಅಂದ್ಕೊಂಡಿದ್ದೆ,” ಎಂದಳು. ಗೀರಿನಿಂದ ಬೆರಳು ತೆಗೆದು, “ನಂದಲ್ಲ ಅದು,” ಎಂದಳು.

ಫೋನು ತೆಗೆದು ಪಂದ್ಯದ ರೆಫರಿಗೆ ಅವಳೇ ಹಚ್ಚಿದಳು. ಚಂದ್ರಪ್ಪ ಬೇಡ ಮಗಾ, ಬೇಡ ಎನ್ನುತ್ತಾ ಕೈ ಚಾಚಿದ; ಕಸಿದುಕೊಳ್ಳಲು ಅವನ ಕೈಗೆ ಮನಸ್ಸಾಗಲಿಲ್ಲ. ಅವಳು ಅಳತೆ ಹೇಳಿದಳು. ಗೀರು ಕೆತ್ತಿದ್ದು ಯಾರು ಎಂದು ರೆಫರಿ ಕೇಳಿದ್ದು ಕೋಣೆಗೆಲ್ಲ ಕೇಳಿಸಿತು. ಅಪ್ಪನ ಹೆಸರು ಹೇಳಿದ್ದರೆ ಕಾರ್ಡೇನೂ ಬರುತ್ತಿರಲಿಲ್ಲ, ಆದರೆ ಮೋಸಗಾರ್ತಿ ಎಂಬ ಅನುಮಾನವಾದರೂ ತಪ್ಪುತ್ತಿತ್ತು.

“ನನ್ನ ಬ್ಯಾಗಲ್ಲಿದ್ದ ಕ್ಲಬ್ಬು ಸರ್. ಜವಾಬ್ದಾರಿ ನಂದೇ,” ಎಂದಳು.

ಚಂದ್ರಪ್ಪ ಮೆಟ್ಟಿಲ ಮೇಲೆ ಹೋಗಿ ಕೂತ. ಬೆಂಕಿಯ ಕಿಡಿಗೂ ಕಣ್ಣು ಮುಚ್ಚದ ಆಳು, ಹೆಗಲ ಮೇಲಿನ ಟವಲನ್ನು ಬಾಯಿಗೆ ಒತ್ತಿಕೊಂಡು ಅತ್ತ. ಸಮಾಧಾನ ಹೇಳಲು ಹೋದ ನಾನೂ ಪಕ್ಕದಲ್ಲಿ ಕೂತೆ. ಒಳಗಿನಿಂದ ಸವಿತಾ, “ಅಪ್ಪಯ್ಯ, ಹೊರಡಾನ, ಕತ್ಲಾಗ್ತದೆ,” ಎಂದಳು. ಕತ್ತಲಾಗಲು ಇನ್ನೂ ಬೇಕಾದಷ್ಟು ಹೊತ್ತಿತ್ತು.

ಆ ವರ್ಷವೇ ಅವಳು ತೀರ್ಥಹಳ್ಳಿಯ ಶಾಲೆ ಸೇರಿದಳು. ಮಕ್ಕಳಿಗೆ ಖೋ ಖೋ, ಥ್ರೋಬಾಲ್ ಹೇಳಿಕೊಡುತ್ತಾಳೆ. ನಾನು ಈಗಲೂ ಕ್ಲಬ್ಬು ಮಾರುತ್ತೇನೆ. ಯಾರಿಗೆ ಮಾರಿದರೂ ಅವರ ಮನೆಯವರ ಕಸುಬೇನು ಎಂದು ಮೊದಲು ಕೇಳುತ್ತೇನೆ. ನಿಯಮವನ್ನು ಆಟಗಾರರಿಗೆ ಹೇಳಿದರೆ ಸಾಲದು, ಅವರ ಮೇಲೆ ಪ್ರೀತಿ ಇರುವವರಿಗೂ ಹೇಳಬೇಕು ಎನ್ನುವುದನ್ನು ಈ ಕೆಲಸ ನನಗೆ ಕಲಿಸಿದ್ದು ಹೀಗೆ.

ಮರುವರ್ಷದ ಆಯುಧಪೂಜೆಗೆ ಚಂದ್ರಪ್ಪ ಶಾಪಿಗೆ ಕರೆದಿದ್ದ. ಮಸೆದ ಸಾಮಾನುಗಳೆಲ್ಲ ಕುಂಕುಮ, ಚೆಂಡುಹೂವು ಹೊತ್ತು ಸಾಲಾಗಿ ಮಲಗಿದ್ದವು. ಸವಿತಾಳ ಗಾಲ್ಫ್ ಬ್ಯಾಗು ಗೋಡೆಗೆ ಒರಗಿ ನಿಂತಿತ್ತು, ಜಿಪ್ಪು ಮುಚ್ಚಿಯೇ ಇತ್ತು, ಹೂವಿರಲಿಲ್ಲ. ಎಲ್ಲಕ್ಕೂ ಕುಂಕುಮ ಇಡುತ್ತಾ ಬಂದ ಚಂದ್ರಪ್ಪ ಅದರ ಮುಂದೆ ಬೆರಳು ಎತ್ತಿಕೊಂಡೇ ನಿಂತ.

“ಶಂಕರಣ್ಣ, ಬ್ಯಾಗಿಗೆ ಇಟ್ರೆ ಏನೂ ಆಗಲ್ವಲ್ಲ?” ಎಂದು ಕೇಳಿದ.

ಏನೂ ಆಗುವುದಿಲ್ಲ ಎಂದೆ. ಆದರೂ ಅವನು ಒಳಗೆ ಹೋಗಿ, ಮಗಳನ್ನು ಕೇಳಿಕೊಂಡು ಬಂದೇ ಇಟ್ಟ.