ನೀರಿನ ನೋಟಿಸ್ ಟೈಪ್ ಮಾಡಿದ್ದು

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಸೆಕ್ರೆಟರಿಯಾಗಲು ಯಾರೂ ಮುಂದೆ ಬರದಿದ್ದಾಗ ಎಲ್ಲರೂ ಸೇರಿ ನನ್ನನ್ನು ಆರಿಸಿದರು. ನನಗಾಗ ಐವತ್ತೆರಡು ವರ್ಷ. ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದವಳು ಯಾವ ಆಫೀಸಿನಲ್ಲೂ ಕೆಲಸ ಮಾಡಿರಲಿಲ್ಲ. ನನ್ನ ಅಕ್ಷರ ದುಂಡಗಿದೆ, ನೋಟಿಸ್ ಬರೆದು ಅಂಟಿಸಿದರಾಯಿತು ಎಂದು ಒಪ್ಪಿಕೊಂಡೆ. ಮೊದಲ ದಿನ ಸೊಸೈಟಿ ಆಫೀಸಿನ ಬೀಗ ತೆಗೆದರೆ ಮೇಜಿನ ಮೇಲೆ ಕಂಪ್ಯೂಟರ್ ಇತ್ತು. ಇನ್ನು ನೋಟಿಸೆಲ್ಲ ಅದರಲ್ಲೇ ಎಂದರು ಕಮಿಟಿಯವರು. ಫೋನಿನಲ್ಲಿ ಫೋಟೊ ಕಳಿಸುವುದು ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ.

ಎರಡನೇ ಮಹಡಿಯಲ್ಲಿ ಉಡುಪಿ ಕಡೆಯ ಅಕ್ಕ ಒಬ್ಬರಿದ್ದರು. ಠಾಣೆಯ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಕೇಳಿದ ಕೂಡಲೇ ದಿನಾ ನಾಲ್ಕು ಗಂಟೆಗೆ ಬಂದು ಕಲಿಸಲು ಒಪ್ಪಿದರು.

ಮೊದಲ ಪಾಠದಲ್ಲೇ ಮೌಸ್ ಮೇಜಿನ ಅಂಚಿಗೆ ಬಂದು ನಿಂತಿತು. ಪರದೆಯ ಮೇಲಿನ ಬಾಣ ಇನ್ನೂ ಅರ್ಧ ದಾರಿಯಲ್ಲಿತ್ತು. ದೊಡ್ಡ ಮೇಜು ತರಿಸಬೇಕೇನೋ ಎಂದೆ. ಅಕ್ಕ ಮೌಸನ್ನು ಎತ್ತಿ ಮೇಜಿನ ನಡುವೆ ಇಟ್ಟರು. ಬಾಣ ಅಲ್ಲಾಡಲಿಲ್ಲ, ಅಲ್ಲಿಂದಲೇ ಮುಂದೆ ಹೊರಟಿತು. ಅಷ್ಟಕ್ಕೇ ನನ್ನ ಮೈಯೆಲ್ಲ ಹಗುರಾಯಿತು.

ಅವರು ಹೇಳಿದ ಒಂದೊಂದು ಮಾತನ್ನೂ ಕನ್ನಡದಲ್ಲಿ ಬರೆದುಕೊಂಡೆ. ಮಿಣಿಮಿಣಿ ಎನ್ನುವ ಗೆರೆ ಕರ್ಸರ್, ಮುಂದಿನ ಅಕ್ಷರ ಬೀಳುವ ಜಾಗ. ಒಂದು ಬರಹ ಅಂದರೆ ಒಂದು ಫೈಲ್. ಫೈಲುಗಳನ್ನು ಒಟ್ಟಿಗೆ ಇಡುವ ಖಾನೆ ಫೋಲ್ಡರ್. ಕಾಪಿ ಮಾಡಿದರೆ ಮೂಲ ಇದ್ದಲ್ಲೇ ಇರುತ್ತದೆ, ಕಟ್ ಮಾಡಿದರೆ ಎದ್ದು ಬರುತ್ತದೆ. ಸೇವ್ ಎಂದಾಗಲೆಲ್ಲ ನನಗೆ ಚುರುಮುರಿ ಮೇಲೆ ಉದುರಿಸುವ ಶೇವು ನೆನಪಾಗುತ್ತಿತ್ತು. ಇಂಗ್ಲಿಷ್ ಅಕ್ಷರ ಒತ್ತುತ್ತ ಹೋದರೆ ಮರಾಠಿ ಅಕ್ಷರ ಮೂಡುವುದನ್ನು ಅವರು ತೋರಿಸಿದ ದಿನ ಮನೆಗೆ ಹೋಗಲು ಮನಸ್ಸೇ ಬರಲಿಲ್ಲ.

ಎರಡು ವಾರ ಕಳೆದ ಮೇಲೆ ನೀರಿನ ಟ್ಯಾಂಕ್ ತೊಳೆಸುವ ಕೆಲಸ ಬಂತು. ಶನಿವಾರ ನೀರು ಬರುವುದಿಲ್ಲ ಎಂದು ಎಲ್ಲರಿಗೂ ತಿಳಿಸಬೇಕು. ಅಕ್ಕ ಅಂದು ಕಲ್ಯಾಣ್ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದರು. ನಾನೊಬ್ಬಳೇ ಕುಳಿತು ಒಂದೊಂದೇ ಅಕ್ಷರ ಹುಡುಕಿ ಹತ್ತು ಸಾಲಿನ ಮರಾಠಿ ನೋಟಿಸ್ ಮುಗಿಸಿದೆ. ಅಕ್ಷರ ದೊಡ್ಡದು ಮಾಡೋಣವೆಂದು ಎಲ್ಲವನ್ನೂ ಸೆಲೆಕ್ಟ್ ಮಾಡಿದೆ. ಬೆರಳು ಯಾವುದಕ್ಕೆ ತಾಗಿತೋ, ಹತ್ತೂ ಸಾಲು ಮಾಯವಾಗಿ ಪರದೆ ಬೆಳ್ಳಗೆ ನಿಂತಿತು. ಸೇವ್ ಕೂಡ ಮಾಡಿರಲಿಲ್ಲ.

ಕೂಡಲೇ ಅಕ್ಕನಿಗೆ ಫೋನ್ ಹಚ್ಚಿದೆ.

"ಅಕ್ಕಾರ, ಬರದಿದ್ದೆಲ್ಲ ಹೋತ್ರೀ. ಒಂದಕ್ಷರ ಉಳದಿಲ್ಲ."

"ಹೆದರ್ಬೇಡಿ ಮಾರಾಯ್ರೆ, ಬೇರೆ ಏನೂ ಮುಟ್ಬೇಡಿ. ಕಂಟ್ರೋಲ್ ಒತ್ತಿ ಹಿಡ್ಕೊಂಡು ಝಡ್ ಒತ್ತಿ. ಅದಕ್ಕೆ ಅನ್‌ಡೂ ಅಂತಾರೆ. ಈಗ ಮಾಡಿದ್ದನ್ನು ಮಾಡ್ಲೇ ಇಲ್ಲ ಅಂತ ಲೆಕ್ಕ."

ಒತ್ತಿದೆ. ಹತ್ತೂ ಸಾಲು ಒಮ್ಮೆಲೇ ಬಂದು ನಿಂತವು, ಒಂದು ಕೊಂಬೂ ಕಳೆದಿರಲಿಲ್ಲ. "ಬಂತ್ರೀ, ಎಲ್ಲಾ ಬಂತು" ಎಂದೆ. ಆ ಕಡೆಯಿಂದ ಅಕ್ಕ ನಗುತ್ತ, ಮೊದಲು ಸೇವ್ ಮಾಡಿ ಎಂದರು. ಮಾಡಿದೆ. ಫೋನ್ ಇಟ್ಟ ಮೇಲೆ ಬೇಕೆಂದೇ ಎಲ್ಲ ಅಳಿಸಿದೆ, ಮತ್ತೆ ತರಿಸಿದೆ. ಮೂರು ಸಲ ಹಾಗೆ ಮಾಡಿದೆ. ಅಷ್ಟು ವರ್ಷ ಒಲೆಯ ಮುಂದೆ ನಿಂತವಳು ನಾನು. ಹೆಚ್ಚಾದ ಉಪ್ಪನ್ನು ಹಿಂದಕ್ಕೆ ತೆಗೆಯುವುದು ಎಂದೂ ಆಗಿರಲಿಲ್ಲ.

ಪ್ರಿಂಟ್ ತೆಗೆದಾಗ ಕಾಗದ ಬಿಸಿಯಿತ್ತು. ಓದಿ ನೋಡಿದರೆ ಶನಿವಾರದ ಬದಲು ರವಿವಾರ ಎಂದು ಹೊಡೆದಿದ್ದೆ. ಕೈಯಿಂದ ಬರೆದಿದ್ದರೆ ಹಾಳೆಯನ್ನೇ ಮತ್ತೆ ಬರೆಯಬೇಕಿತ್ತು. ಆ ಒಂದು ಮಾತಷ್ಟೇ ತಿದ್ದಿ ಇನ್ನೊಂದು ಪ್ರಿಂಟ್ ತೆಗೆದು ಲಿಫ್ಟಿನ ಪಕ್ಕ ಅಂಟಿಸಿದೆ. ಯಾರಾದರೂ ಓದುತ್ತಾರೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಲೋಕಲ್ ರೈಲು ಇಳಿದು ಬಂದ ನಾಲ್ಕನೇ ಮಹಡಿಯವರು ಓದಿ, ಹೆಂಡತಿಗೆ ಫೋನ್ ಮಾಡಿ ಶುಕ್ರವಾರವೇ ಬಕೆಟ್ ತುಂಬಿಡಲು ಹೇಳುತ್ತ ಲಿಫ್ಟ್ ಹತ್ತಿದರು.