ಬಾಟಲಿಯ ಬಿಸಿ ಬಲ್ಲ ಯಶೋದಾ

ಬೆಳಿಗ್ಗೆ ಆರೂವರೆ. ಹೊಸದುರ್ಗದ ಬಸ್ ನಿಲ್ದಾಣದ ಹಿಂದಿನ ಪುಟ್ಟ ಲ್ಯಾಬಿನಲ್ಲಿ ಯಶೋದಾ ಖಾಲಿ ಬಾಟಲಿಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದಾರೆ. ಹೊರಗಿನ ಬೆಂಚು ಆಗಲೇ ತುಂಬಿದೆ. ಮೂತ್ರ ತುಂಬಿದ ಬಾಟಲಿ ವಾಪಸು ಬಂದಾಗ ಅವರು ಮೊದಲು ಬಣ್ಣ ನೋಡುವುದಿಲ್ಲ. ಅಂಗೈಯಲ್ಲಿ ಹಿಡಿದು ಒಂದು ಕ್ಷಣ ನಿಲ್ಲುತ್ತಾರೆ.

"ಮೈಯಿಂದ ಬಂದಿದ್ದು ಬೆಚ್ಚಗಿರ್ತೈತೆ. ತಣ್ಣಗಿದ್ರೆ ನಲ್ಲಿ ನೀರು ಸೇರೈತೆ ಅಂತ ಅರ್ಥ. ಕೆಂಪಗೆ ಹೋಗಿದ್ದನ್ನ ಕೊಡಾಕೆ ನಾಚ್ಕೆಂಡು ತಿಳಿ ಮಾಡಿ ತರ್ತಾರೆ" ಎನ್ನುತ್ತಾರೆ.

ಇಲ್ಲಿ ಸಹಾಯಕಿಯಾಗಿ ಹನ್ನೊಂದು ವರ್ಷ. ದಿನಕ್ಕೆ ನಲವತ್ತು ಬಾಟಲಿ, ತಿಂಗಳಿಗೆ ನಾಲ್ಕೈದು ತಣ್ಣಗಿನವು. ಈ ಕೆಲಸಕ್ಕೆ ಸೇರುವ ಹಿಂದಿನ ವರ್ಷ ತಾಯಿ ಗಿರಿಯಮ್ಮ ತೀರಿಕೊಂಡರು. ಮೂತ್ರದಲ್ಲಿ ರಕ್ತ ಕಂಡಾಗ ಮನೆಯವರು ಉಷ್ಣ ಎಂದು ವರ್ಷವಿಡೀ ಎಳನೀರು ಕುಡಿಸಿದ್ದರು. ಚಿತ್ರದುರ್ಗದಲ್ಲಿ ಕ್ಯಾಮೆರಾ ಹಾಕಿ ನೋಡುವ ಹೊತ್ತಿಗೆ ಗಡ್ಡೆ ಮೂತ್ರಚೀಲದ ಗೋಡೆ ದಾಟಿತ್ತು. ಅಪರೂಪದ, ಸಣ್ಣ ಜೀವಕೋಶದ ಕ್ಯಾನ್ಸರ್. ಬಲು ಬೇಗ ಹರಡುವಂಥದ್ದು. ಉಳಿದದ್ದು ಏಳು ತಿಂಗಳು.

ಹೋದ ತಿಂಗಳು ಪಕ್ಕದ ಹಳ್ಳಿಯಿಂದ ಬಂದ ಹೊನ್ನಕ್ಕನ ಬಾಟಲಿಯೂ ತಣ್ಣಗಿತ್ತು. ಐವತ್ತು ದಾಟಿದ ಆಕೆ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವವರು.

"ಅಕ್ಕ, ಇದು ನಿಮ್ದಲ್ಲ."

"ನಂದಲ್ದೆ ನಿಮ್ಮತ್ತೇದಾ?"

ಬೆಂಚೆಲ್ಲ ನಕ್ಕಿತು. ಯಶೋದಾ ಕೂಡ ನಕ್ಕು, ಇನ್ನೊಂದು ಬಾಟಲಿ ಕೈಗಿಟ್ಟರು. "ನಲ್ಲಿ ಮುಟ್ಟಬ್ಯಾಡ್ರಿ. ನಾನು ಯಾರಿಗೂ ತೋರ್ಸಲ್ಲ."

ಹತ್ತು ನಿಮಿಷದ ಮೇಲೆ ಸೆರಗಿನಡಿ ಬಂದ ಬಾಟಲಿ ಬೆಚ್ಚಗಿತ್ತು. ಬಣ್ಣ ಕರಿಟೀಯದು, ರಕ್ತ ಬೆರೆತದ್ದು.

ಅಲ್ಲಿಂದ ಚಿತ್ರದುರ್ಗಕ್ಕೆ ಕಳಿಸಿದರು; ಅಲ್ಲಿ ಮೂತ್ರಚೀಲದ ಗಡ್ಡೆಯಿಂದ ತೆಗೆದ ಚೂರಿನ ವರದಿ ಈ ವಾರ ಬಂದಿದೆ. ಗಿರಿಯಮ್ಮನಿಗೆ ಬಂದಿದ್ದ ಜಾತಿಯೇ. ಆದರೆ ಇನ್ನೂ ಗೋಡೆ ದಾಟಿಲ್ಲ. ಇಷ್ಟು ವರ್ಷ ಎಂದು ಮಾತು ಕೊಡಲಾಗದು, ಈಗಲೇ ಔಷಧಿ ಶುರುವಾದರೆ ವರ್ಷಗಟ್ಟಲೆ ಬದುಕಿದವರಿದ್ದಾರೆ, ತಡವಾದರೆ ತಿಂಗಳ ಮಾತು ಎಂದಿದ್ದಾರೆ ವೈದ್ಯರು. ಸೋಮವಾರ ದಾಖಲಾಗಬೇಕು. ಇವತ್ತು ಶನಿವಾರ.

ಅಷ್ಟರಲ್ಲಿ ರಕ್ತ ತಾನಾಗಿಯೇ ನಿಂತಿದೆ. "ವಾಸಿ ಆತು ಕಣೇ, ಇನ್ಯಾಕೆ ಆಸ್ಪತ್ರೆ. ದೇವ್ರಾಣೆ, ಈ ಸಲ ನೀರು ಬೆರೆಸಿಲ್ಲ, ತಿಳಿಯಾಗೇ ಹೋಗ್ತೈತೆ" ಎಂದು ನಿನ್ನೆ ಫೋನಿನಲ್ಲಿ ಹೊನ್ನಕ್ಕ ನಕ್ಕಿದ್ದರಂತೆ.

ಯಶೋದಾಗೆ ನಗು ಬರಲಿಲ್ಲ. "ಅದೇ ಭಯ ನಂಗೆ. ನಮ್ಮವ್ವಂಗೂ ನಡುನಡುವೆ ನಿಲ್ತಿತ್ತು. ನಿಂತಾಗೆಲ್ಲ ಗೆದ್ವಿ ಅಂದ್ಕಂಡ್ವಿ. ಒಳಗೆ ಅದು ನಿಂತಿರಲಿಲ್ಲ."

ಈಗ ಎಂಟು ಗಂಟೆ. ಬೆಂಚು ಖಾಲಿಯಾಗಿದೆ. ಬೆಳಗಿನಿಂದ ಮೂರನೆಯ ಸಲ ನಂಬರು ಒತ್ತುತ್ತಾರೆ. ಕೊನೆಗೂ ಹೊನ್ನಕ್ಕ ಎತ್ತುತ್ತಾರೆ. ಆ ಕಡೆ ಕಾಯಿ ಸುಲಿಯುವ ಸದ್ದು. ಯಶೋದಾ ದನಿ ಕೇಳಿ ಅದು ನಿಲ್ಲುತ್ತದೆ.

"ಹೊನ್ನಕ್ಕ, ಸೋಮವಾರ ಚಿತ್ರದುರ್ಗದ ಏಳೂಕಾಲಿನ ಬಸ್ಸಿಗೆ ಬರ್ರಿ. ರಜಾ ಹಾಕಿದೀನಿ, ಜೊತೆಗೆ ನಾನೂ ಬರ್ತೀನಿ."

ಫೋನು ಕಿವಿಗೆ ಒತ್ತಿಕೊಂಡು ಕಾಯುತ್ತಾರೆ.

"ಬರ್ರಿ ಅಕ್ಕ."