ಸೈಕಲ್ ಕೋಣೆಯ ಸರ್ವರ್

ಕುವೊಪಿಯೊ ಊರಿನ ನಮ್ಮ ವಠಾರದ ಟಾರ್ಮೊ ರಾಸನೆನ್‌ಗೆ ಹಲ್ಲಿನ ಸೆಟ್ ತಯಾರಿಸುವುದು ಉದ್ಯೋಗ. ಹವ್ಯಾಸವೇ ಬೇರೆ. ಎಲ್ಲರೂ ಉಚಿತವಾಗಿ ಬಳಸಬಹುದಾದ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್‌ನ ಪೂರ್ತಿ ಪ್ರತಿಯನ್ನು ನೆಲಮಾಳಿಗೆಯ ಸೈಕಲ್ ಕೋಣೆಯ ಸರ್ವರ್‌ನಲ್ಲಿಟ್ಟು, ಬೇಕಾದವರು ಇಳಿಸಿಕೊಳ್ಳಲು ಬಿಟ್ಟಿದ್ದ. ಮೂಲ ಸರ್ವರ್‌ನಲ್ಲಿ ಏನು ಬದಲಾದರೂ ಇಂಥ ಪ್ರತಿಗಳೆಲ್ಲ ತಾವಾಗಿಯೇ ಹಾಗೆಯೇ ಬದಲಾಗುತ್ತಿದ್ದವು. ತನ್ನದು ಒಂದು ದಿನವೂ ನಿಂತಿಲ್ಲ ಎಂಬುದು ಅವನ ಹೆಮ್ಮೆ.

ವಠಾರದವರೆಲ್ಲ ಸೇರಿ ಗುಡಿಸಿ ಒರೆಸುವ ವಸಂತದ ತಾಲ್ಕೋತ್ ದಿನ ಟಾರ್ಮೊ ಅಂಗಳದಲ್ಲಿ ಎಲೆ ಬಾಚಿ, ಎಲ್ಲರಿಗೂ ಸಾಸೇಜ್ ಸುಟ್ಟು, ಮಧ್ಯಾಹ್ನ ಕೆಳಗಿಳಿದ. ಸರ್ವರ್ ಆರಿಹೋಗಿತ್ತು. ಅದರ ಪ್ಲಗ್ ಕಿತ್ತ ಜಾಗದಲ್ಲಿ ವಠಾರದ ಕೆರ್ತು ಅಜ್ಜಿಯ ವ್ಯಾಕ್ಯೂಮ್ ಕ್ಲೀನರ್ ಮೊರೆಯುತ್ತಿತ್ತು.

"ಅಯ್ಯೋ ಅಜ್ಜಿ, ಏನ್ ಮಾಡ್ಬಿಟ್ರಿ!"

"ಕೂಗ್ಬೇಡ ಮಾರಾಯ. ಬೆಳಿಗ್ಗೆಯಿಂದ ಇಲ್ಲೇ ನಿಮ್ಮೆಲ್ಲರ ಧೂಳು ತೆಗೀತಿದೀನಿ. ನಿನ್ ಡಬ್ಬಿ ಒಂದಿನ ಉಪವಾಸ ಇದ್ರೆ ಸತ್ತೋಗುತ್ತಾ?"

ಅವನು ಸರ್ವರ್‌ನ ಪ್ಲಗ್ ಎತ್ತಿಕೊಂಡಾಗಲೇ ಫೋನ್ ಬಂತು. ಮೂಲ ಸರ್ವರ್ ನೋಡಿಕೊಳ್ಳುವ ಡೆನ್ಮಾರ್ಕಿನ ಸಿಗ್ನೆ.

"ಟಾರ್ಮೊ, ಎಲ್ಲಾ ಹೋಯ್ತು ಕಣೋ! ಬೆಳಿಗ್ಗೆ ನಮ್ ಡಿಸ್ಕ್ ಕೆಟ್ಟು ಖಾಲಿ ಅಂತ ತೋರಿಸ್ತು. ಉಳಿದ ಸರ್ವರ್‌ಗಳೂ ಅದನ್ನೇ ನಂಬಿ ಎಲ್ಲಾ ಅಳಿಸ್ಬಿಟ್ಟಿವೆ. ನಿಂದೂ ಅಳಿಸ್ತಾ?"

ಟಾರ್ಮೊ ಕೈಯಲ್ಲಿದ್ದ ಪ್ಲಗ್ ನೋಡಿದ. "ನಂದು... ಬೆಳಿಗ್ಗೆಯಿಂದ ಆಫ್ ಆಗಿದೆ."

ಆ ಕಡೆ ಸಿಗ್ನೆ ಅಳತೊಡಗಿದಳು. "ಹಂಗಾದ್ರೆ ಉಳಿದಿರೋದು ಅದೊಂದೇ. ದಮ್ಮಯ್ಯ, ನೆಟ್‌ಗೆ ಜೋಡಿಸ್ಬೇಡ!"

ಟಾರ್ಮೊ ಸರ್ವರ್‌ನ ನೆಟ್ ವೈರನ್ನು ಕಿತ್ತು ಎದೆಗವಚಿಕೊಂಡು ನೆಲದ ಮೇಲೆಯೇ ಕೂತ.

"ಏನಾಯ್ತೋ? ನನ್ ಪ್ಲಗ್ ತೆಗೀಲಾ?" ಎಂದಳು ಅಜ್ಜಿ.

"ಬೇಡ ಅಜ್ಜಿ," ಎಂದ ಅವನು. "ದಯವಿಟ್ಟು ಮುಟ್ಬೇಡಿ."